ಪ್ರತ್ಯಯ

ಐವತ್ತಮೂರು ಮೆಟ್ಟಿಲು. ಎಣಿಸುವುದು ಬಿಟ್ಟು ಎಷ್ಟೋ ವರ್ಷ,
ಈಗ ಮೊಣಕಾಲೇ ಎಣಿಸುತ್ತದೆ.
ಮೇಲೆ ನಮ್ಮ ಇಗರ್ಜಿ, ಮೇಣದ ವಾಸನೆ,
ಯಾರದೋ ಮದುವೆಯಲ್ಲಿ ಉಳಿದ ಹೂವು.
ಅದರಡಿ ಇನ್ನೊಂದು ಇಗರ್ಜಿ, ಮಣ್ಣು ತುಂಬಿದ್ದು.
ಅದಕ್ಕೂ ಅಡಿಯಲ್ಲಿ ಗವಿ.
ಹೋರಿಯ ಕೊರಳಿಗೆ ಕತ್ತಿಯಿಟ್ಟು
ಮುಖ ಆಚೆ ತಿರುಗಿಸಿಕೊಂಡ ಹುಡುಗ ದೇವರು.

ಯಾಕೆ ಆಚೆ ನೋಡುತ್ತಾನೆ?
ನನ್ನ ಕೇಳಿದ್ದರೆ ಹೇಳುತ್ತಿದ್ದೆ,
ಕೋಳಿ ಕೊಯ್ಯುವಾಗ ನನ್ನ ಅತ್ತೆಯೂ ಹಾಗೇ.
ಎರ್ಸಿಲಿಯಾಳನ್ನು ಯಾರು ಕೇಳುತ್ತಾರೆ,
ಬೀಗದ ಕೈ ನನ್ನದು, ವಿದ್ಯೆ ಅವರದು.

ಪ್ರತಿ ಅಕ್ಟೋಬರಿಗೆ ಇಬ್ಬರು ತೈಬರ್ ದಾಟಿ ಬರುತ್ತಿದ್ದರು.
ಬುಡಾಪೆಸ್ಟಿನ ಹಾಲ್ಮಾಜಿ, ಕೆಮ್ಮು, ತೊಗಲಿನ ಚೀಲ.
ಗ್ರಾಜಿನ ಡಾಕ್ಟರ್ ಪ್ರೆಸ್ಟೆಲ್, ಕಾಲಿಗೆ ಗಂಡಸರ ಬೂಟು.
ಒಬ್ಬೊಬ್ಬರೇ ಬಂದದ್ದಿಲ್ಲ,
ಜಗಳಕ್ಕೂ ಜೊತೆ ಬೇಕಲ್ಲ.

ಗೋಡೆಯ ಕಲ್ಲಿನಲ್ಲಿ ಒಂದೇ ಸಾಲು:
*ಇಲ್ಲಿ ಕೂತು ನಾವು ದೇವರ*
ಆಮೇಲೆ ಅಂಗೈಯಗಲ ತೂತು.
ತೂತಿನ ಆಚೆ ದಡದಲ್ಲಿ
*ಉಂಡೆವು, ಬೆಳಗಾಯಿತು.*

ದೇವರನ್ನು ಉಂಡೆವು, ಎನ್ನುತ್ತಿದ್ದ ಆತ.
ಮೇಲಿನವರ ರೊಟ್ಟಿ, ಮೇಲಿನವರ ದ್ರಾಕ್ಷಾರಸ,
ಎಲ್ಲ ಈ ಗವಿಯಿಂದ ತಂದ ಕಡ!
ದೇವರೊಡನೆ ಉಂಡೆವು, ಎನ್ನುತ್ತಿದ್ದಳು ಆಕೆ.
ಬರೀ ಪಂಕ್ತಿಯ ಊಟ. ಈ ಉಳಿ ಕಲ್ಲಿಗೆ ತಾಗುವ ಹೊತ್ತಿಗೆ
ಮೇಲಿನವರು ರೊಟ್ಟಿ ಮುರಿಯಲು ಹಿಡಿದು ನೂರು ವರ್ಷ.
ಕಡದ ಪುಸ್ತಕ ತಿರುವಿ ಹಾಕಿ ಓದು, ಹಾಲ್ಮಾಜಿ.

ಒಮ್ಮೆ ಜೊತೆಗೆ ಬಂದಿದ್ದ ಸ್ಫಾಕ್ಸ್ ಊರಿನ ಹುಡುಗ, ಮುಂತಸಿರ್,
ಮೆಲ್ಲಗೆ ಅಂದ:
ಇಬ್ಬರೂ ಒಂದೇ ಬೀದಿಯ ಒಲೆಯಿಂದ ಕೊಂಡಿರಬಹುದಲ್ಲ?
ಇಬ್ಬರೂ ಸೇರಿ ಅವನ ಬಾಯಿ ಮುಚ್ಚಿಸಿದರು.
ಅವರು ಒಪ್ಪಿದ್ದು ನಾನು ಕಂಡಂತೆ ಅದೊಂದೇ ಸಲ.

ಅದಕ್ಕೆ ವಿಭಕ್ತಿ ಎನ್ನುತ್ತಾರಂತೆ.
ಒಂದು ಬಾಲದಷ್ಟು ಅಕ್ಷರ.
ಮೂವತ್ತೊಂದು ವರ್ಷ.

ನಾನು ಹೇಳದೆ ಉಳಿದದ್ದು ಇಷ್ಟು.
ನನಗಾಗ ಎಂಟು. ಗವಿ ಆಗಷ್ಟೇ ಬಯಲಾಗಿತ್ತು,
ಯಾರೂ ಇನ್ನೂ ಓದಿರಲಿಲ್ಲ.
ಬಿಷಪ್ ಬರುತ್ತಾರೆ, ಬಲ್ಬು ಬೇಕು, ಎಂದರು ಪಾದ್ರಿ.
ಅಪ್ಪ ನಜರೇನೋ, ಗಾರೆಯವನು,
ಅಕ್ಷರ ಬಾರದು, ಗೋಡೆ ಬರುತ್ತಿತ್ತು.
ಮೆತ್ತಗಿರುವ ಕಡೆ ನೋಡಿ ಉಳಿ ಇಟ್ಟ,
ನಾಲ್ಕು ಏಟು, ವೈರು ಈಚೆ ಬಂತು.
ಆ ತೂತಿನಿಂದ ಬಂದ ಬೆಳಕಿನಲ್ಲೇ
ಅವರು ಆ ತೂತನ್ನು ಓದುತ್ತಿದ್ದದ್ದು.

ಎದ್ದ ಚೂರನ್ನು ಬುತ್ತಿಯ ಬಟ್ಟೆಯಲ್ಲಿ ಸುತ್ತಿ ತಂದ.
ಚಪ್ಪಟೆ ಇದೆ, ಎಂದಳು ಅವ್ವ,
ಆಲಿವ್ ನೆನೆಹಾಕಿದ ಜಾಡಿಯಲ್ಲಿ
ಕಾಯಿ ತೇಲದಂತೆ ಮೇಲಿಟ್ಟಳು,
ಕೊರೆದ ಮೈ ಕೆಳಗೆ.
ಅರವತ್ತು ವರ್ಷದ ಉಪ್ಪುನೀರು.

ಈ ಸಲ ಆಕೆ ಒಬ್ಬಳೇ ಬಂದಳು.
ಯಾಕೆಂದು ನಾನು ಕೇಳಲಿಲ್ಲ,
ತೊಗಲಿನ ಚೀಲ ಆಕೆಯ ಹೆಗಲಲ್ಲಿತ್ತು.
ಗೋಡೆಯ ಮುಂದೆ ನಿಂತು ತನ್ನ ವಾದ ಹೇಳಿದಳು,
ತಡೆದಳು,
ಆಮೇಲೆ ಆತನ ವಾದವನ್ನೂ ತಾನೇ ಹೇಳಿದಳು,
ಕೆಮ್ಮು ಬರುವ ಜಾಗದಲ್ಲಿ ಸುಮ್ಮನಾಗಿ.
ಆತನೇ ಗೆಲ್ಲುವ ಹಾಗೆ ಕೇಳಿಸಿತು ನನಗೆ.

ಆ ರಾತ್ರಿ ಜಾಡಿಗೆ ಕೈಹಾಕಿದೆ.
ಕಲ್ಲು ತಿರುವಿ ಹೆಬ್ಬೆರಳಲ್ಲಿ ಸವರಿದೆ.
ಒಂದು ಗೀರು ಸಿಕ್ಕಿತು.
ಅಕ್ಷರದ ಕಾಲೋ, ಅಪ್ಪನ ಉಳಿಯೋ, ಉಪ್ಪು ತಿಂದ ಬಿರುಕೋ.
ಇದ್ದಲ್ಲೇ ಇಟ್ಟೆ.

ಮರುದಿನ ಮೆಟ್ಟಿಲ ಮೇಲೆ ಕೂರಿಸಿ
ಬಟ್ಟಲಲ್ಲಿ ಕಾಯಿ ಕೊಟ್ಟೆ, ಜೊತೆಗೆ ನಿನ್ನೆಯ ರೊಟ್ಟಿ.
ತಿಂದಳು, ಬೀಜವನ್ನು ಚೀಲದ ಜೇಬಿಗೆ ಹಾಕಿಕೊಂಡಳು.
ಇಷ್ಟು ರುಚಿ ಹೇಗೆ ಬರುತ್ತದೆ, ಎರ್ಸಿಲಿಯಾ?

ಮೂವತ್ತೊಂದು ವರ್ಷದಲ್ಲಿ ನನ್ನನ್ನು ಕೇಳಿದ ಮೊದಲ ಪ್ರಶ್ನೆ.

ಒಳ್ಳೆಯ ಭಾರ ಇಡಬೇಕು, ಎಂದೆ.